ಶ್ರೀಶೈಲಕ್ಕೆ ನಡೆದ ಕಾಲಿಗೆ ಅಪಲಾಚಿಯನ್ ಹಾದಿ ದಕ್ಕೀತೇ?

ಪ್ರಶ್ನೆ: ಅಕ್ಕಲಕೋಟದ ಪಾದಚಾರಿ

ಎಲ್ಲರಿಗೂ ಶರಣು. ನಮ್ಮದು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ. ನಾನು ಸೊಲ್ಲಾಪುರದಲ್ಲಿ ಔಷಧ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ, ವಯಸ್ಸು 27. ಅಪ್ಪನ ಜೊತೆ ನಾಲ್ಕು ವರ್ಷ ಯುಗಾದಿಗೆ ಶ್ರೀಶೈಲಕ್ಕೆ ನಡೆದಿದ್ದೇನೆ. ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಅಲಂಕರಿಸಿದ ಕೋಲು, ಅಂದರೆ ಕಂಬಿಯ ಹಿಂದೆ ಹದಿನಾಲ್ಕು ದಿನ ನಡೆದು, ದರ್ಶನ ಮುಗಿಸಿ ಬಸ್ ಹತ್ತಿದ ಕೂಡಲೇ ಪ್ರತಿ ಸಲವೂ ಅಳು ಬರುತ್ತದೆ. ಕಾಲು ಇನ್ನೂ ನಡೆಯಲು ತಯಾರಾಗಿರುತ್ತದೆ, ದಾರಿ ಮುಗಿದುಹೋಗಿರುತ್ತದೆ.

ಅಮೆರಿಕದಲ್ಲಿ ಐದಾರು ತಿಂಗಳು ನಡೆಯುವ ಹಾದಿಗಳಿವೆ ಎಂದು ಓದಿದ ಮೇಲೆ ನಿದ್ದೆ ಹಾರಿಹೋಗಿದೆ. ಅಪಲಾಚಿಯನ್ ಟ್ರೇಲ್, ಪೆಸಿಫಿಕ್ ಕ್ರೆಸ್ಟ್ ಟ್ರೇಲ್. ನಾಲ್ಕು ವರ್ಷ ಹಣ ಕೂಡಿಟ್ಟರೆ ಒಂದನ್ನಾದರೂ ಪೂರ್ತಿ ನಡೆಯಬಹುದೇ? ನಾವು ಮೊಟ್ಟೆಯನ್ನೂ ತಿನ್ನದ ಮನೆಯವರು, ಊಟದ ಗತಿ ಏನು? ಹೆಣ್ಣುಮಗಳು ಒಬ್ಬಳೇ ಹೋಗಬಹುದೇ? ದಿನ ಹೇಗೆ ಕಳೆಯುತ್ತದೆ? ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಅವ್ವ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಅಷ್ಟು ದೂರ ನಡೆದು ಮುಟ್ಟಿದರೆ ಅಲ್ಲಿ ಯಾವ ದೇವರಿದ್ದಾನೆ?" ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ 1: ಜತ್ತದ ವಾರಕರಿ

ತಂಗಿ, ಮೊದಲು ಒಂದು ವರ್ಷ ಆಳಂದಿಯಿಂದ ಪಂಢರಪುರಕ್ಕೆ ನಡೆದು ನೋಡು. ಸುಮಾರು 250 ಕಿ.ಮೀ., ಮೂರು ವಾರ. ಶ್ರೀಶೈಲದ ದಾರಿ ನಿನಗೆ ಬಿಸಿಲನ್ನು ಕಲಿಸಿದೆ, ವಾರಿ ಎಂಬ ಈ ಪಾದಯಾತ್ರೆ ಮಳೆಯನ್ನು ಕಲಿಸುತ್ತದೆ. ಒದ್ದೆ ನೆಲದ ಮೇಲೆ ಮಲಗಿ, ಬೆಳಗಿನ ಜಾವ ಒದ್ದೆ ಬಟ್ಟೆಯನ್ನೇ ಉಟ್ಟು ಮತ್ತೆ ಹೊರಡುವುದು ದೊಡ್ಡ ವಿದ್ಯೆ. ಒಂದು ವ್ಯತ್ಯಾಸ ಮಾತ್ರ ನೆನಪಿಡು: ವಾರಿಯಲ್ಲಿ ನಮ್ಮ ಗಂಟು ದಿಂಡಿಯ, ಅಂದರೆ ನಮ್ಮ ತಂಡದ, ಲಾರಿಯಲ್ಲಿ ಬರುತ್ತದೆ. ಅಲ್ಲಿ ಎಲ್ಲವೂ ನಿನ್ನ ಬೆನ್ನ ಮೇಲೆಯೇ.

ಉತ್ತರ 2: ಸೊಲ್ಲಾಪುರದ ರೊಟ್ಟಿ

ತಂಗಿ, ನಾನು ಸೊಲ್ಲಾಪುರದವನು, ಮನೆಮಾತು ಕನ್ನಡ. 2018ರ ಮಾರ್ಚ್ 20ರಂದು ಅಪಲಾಚಿಯನ್ ಹಾದಿಯ ಆರಂಭವಾದ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಹೊರಟು ಆಗಸ್ಟ್ 30ರಂದು ಅದರ ಕೊನೆಯಾದ ಮೇನ್ ರಾಜ್ಯದ ಕಟಾಡಿನ್ ಶಿಖರ ಮುಟ್ಟಿದೆ. 164 ದಿನ, 14 ರಾಜ್ಯ, ಸುಮಾರು 3,500 ಕಿ.ಮೀ. ಹೊರಡುವ ಮುನ್ನ ನನಗೂ ನಿನ್ನವೇ ಪ್ರಶ್ನೆಗಳಿದ್ದವು, ಕನ್ನಡದಲ್ಲಿ ಹೇಳುವವರು ಸಿಗಲಿಲ್ಲ. ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ.

ಕಾಲಿನ ಬಗ್ಗೆ ಚಿಂತೆ ಬೇಡ. ಆತ್ಮಕೂರು ದಾಟಿ ಕಾಡು ಹತ್ತಿದ ಮೇಲೆ ಭೀಮನ ಕೊಳ್ಳ ಬರುತ್ತದಲ್ಲ, ಕಲ್ಲು ಮೆಟ್ಟಿಲಲ್ಲಿ ಮೊಣಕಾಲು ನಡುಗುವಂತೆ ಇಳಿದು, ಅಷ್ಟೇ ಎತ್ತರ ಮತ್ತೆ ಏರುವ ಜಾಗ? ಅಪಲಾಚಿಯನ್ ಹಾದಿಯಲ್ಲಿ ದಿನವೂ ಭೀಮನ ಕೊಳ್ಳ, ಕೆಲವು ದಿನ ನಾಲ್ಕೈದು. ಒಟ್ಟು ಏರನ್ನು ಕೂಡಿದರೆ ಎವರೆಸ್ಟಿನ ಹದಿನಾರು ಪಟ್ಟು ಎಂದು ಲೆಕ್ಕ ಹೇಳುತ್ತಾರೆ. ನಮ್ಮ ಸೊಲ್ಲಾಪುರದ ಬಯಲಿನಲ್ಲಿ ಎಷ್ಟು ನಡೆದರೂ ಇಳಿಯುವ ಅಭ್ಯಾಸ ಸಿಗುವುದಿಲ್ಲ. ಮೊಣಕಾಲನ್ನು ಕೆಡಿಸುವುದು ಏರಲ್ಲ, ಇಳಿಜಾರು. ಕೈಯಲ್ಲಿ ಎರಡು ಕೋಲು ಇರಲೇಬೇಕು.

ನಾನು ಮಾಡಿದ ಮೊದಲ ತಪ್ಪು ಭಾರ. ಆರಂಭದ ಹತ್ತಿರ ಅಮಿಕಲೋಲಾ ಜಲಪಾತದ ಬಳಿ ಬ್ಯಾಗು ತೂಗುವ ತಕ್ಕಡಿ ಇದೆ. ನನ್ನದು 19 ಕಿಲೋ ತೋರಿಸಿತು. ಅಲ್ಲಿಂದ ಸುಮಾರು 14 ಕಿ.ಮೀ. ಹತ್ತಿದ ಮೇಲೆಯೇ ಸ್ಪ್ರಿಂಗರ್ ಬೆಟ್ಟ, ಅಂದರೆ ಹಾದಿಯ ಮೊದಲ ಗುರುತು. ನಾಲ್ಕನೆಯ ದಿನ, ಇನ್ನೂ 50 ಕಿ.ಮೀ. ಅಷ್ಟೇ ನಡೆದಿದ್ದೆ, ನೀಲ್ ಗ್ಯಾಪ್ ಎಂಬಲ್ಲಿ ಹಾದಿ ಒಂದು ಹಳೆಯ ಕಲ್ಲುಕಟ್ಟಡದ ನಡುವೆಯೇ ಹಾದುಹೋಗುತ್ತದೆ. ಅದರ ಅಂಗಳದ ಮರದ ತುಂಬ ಬೂಟುಗಳು. ಹಳೆಯವು, ಹೊಸವು, ಲೇಸುಗಳನ್ನು ಗಂಟು ಹಾಕಿ ಕೊಂಬೆಗೆ ಎಸೆದವು. ತಿಂಗಳುಗಟ್ಟಲೆ ಕನಸು ಕಂಡು ಬಂದವರಲ್ಲಿ ಎಷ್ಟೋ ಮಂದಿ ಅಲ್ಲಿಯೇ ಕೈಬಿಟ್ಟು ಮನೆಗೆ ಮರಳುತ್ತಾರೆ. ಆ ಮರದ ಕೆಳಗೆ ಕುಳಿತು ನಾನು ಬ್ಯಾಗು ಬಿಚ್ಚಿದೆ. ಜೀನ್ಸ್, ಎರಡನೆಯ ಪಾತ್ರೆ, ದಪ್ಪ ಟವೆಲ್, ಮೂರು ಪುಸ್ತಕ, ಎಲ್ಲವನ್ನೂ ಅಂಚೆಯಲ್ಲಿ ಪರಿಚಯದವರ ಮನೆಗೆ ಕಳಿಸಿದೆ. ನೀನು ಅನ್ನ ನೀರು ಸೇರಿ 12 ಕಿಲೋ ದಾಟಬೇಡ.

1955ರಲ್ಲಿ ಎಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಹನ್ನೊಂದು ಮಕ್ಕಳ ತಾಯಿ, ಈ ಹಾದಿಯನ್ನು ಒಬ್ಬಳೇ ಪೂರ್ತಿ ನಡೆದಳು. ಕಾಲಲ್ಲಿ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಟೆಂಟೂ ಇರಲಿಲ್ಲ. ಆಮೇಲೆ ಇನ್ನೆರಡು ಸಲ ಇದೇ ಹಾದಿಯನ್ನು ಮುಗಿಸಿದಳು. ಆ ಪರದೆಯ ಕಥೆಯನ್ನು ನಿನ್ನ ಅವ್ವನಿಗೆ ಹೇಳು, ನಮ್ಮ ಹಳ್ಳಿಯ ಅಜ್ಜಿಯರಿಗೆ ಅದು ಥಟ್ಟನೆ ಅರ್ಥವಾಗುತ್ತದೆ.

ದಾರಿ ತಪ್ಪುವ ಭಯ ಕಡಿಮೆ. ಮರಗಳ ಮೇಲೆ, ಬಂಡೆಗಳ ಮೇಲೆ ಬಿಳಿ ಬಣ್ಣದ ಪಟ್ಟಿ ಬಳಿದಿರುತ್ತಾರೆ, ಎರಡು ಇಂಚು ಅಗಲ, ಆರು ಇಂಚು ಉದ್ದ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ತಿರುವು ಬಂತೆಂದು ತಿಳಿ. ನೀಲಿ ಪಟ್ಟಿ ನೀರಿಗೋ ತಂಗುಮನೆಗೋ ಹೋಗುವ ಕವಲು. ಬೆಂಟನ್ ಮೆಕಾಯ್ ಎಂಬವರು 1921ರಲ್ಲಿ ಈ ಹಾದಿಯ ಕಲ್ಪನೆ ಬರೆದರು, 1937ರಲ್ಲಿ ಪೂರ್ತಿ ಕೂಡಿತು. ಇಂದಿಗೂ ಅದರ ಮುಳ್ಳು ಸವರಿ, ಬಣ್ಣ ಬಳಿಯುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಟೆನೆಸ್ಸೀಯಲ್ಲಿ ಒಬ್ಬ ಮುದುಕರು ಮಂಡಿಯೂರಿ ಹಾದಿಯ ಮೇಲಿನ ಮಳೆನೀರಿಗೆ ಕಾಲುವೆ ತೋಡುತ್ತಿದ್ದರು. ನನಗೆ ಅವರ ಕಾಲು ಮುಟ್ಟಿ ನಮಸ್ಕರಿಸಬೇಕೆನಿಸಿತು, ನಮಸ್ಕರಿಸಿಯೂ ಬಿಟ್ಟೆ. ಅವರು ಗಾಬರಿಯಾಗಿ ನನ್ನ ಕೈ ಹಿಡಿದು ಎಬ್ಬಿಸಿದರು.

ಊಟ. ಹಾದಿ ಆಗಾಗ ರಸ್ತೆಗಳನ್ನು ದಾಟುತ್ತದೆ, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲಿಂದ ಊರಿಗೆ ಹೋಗಿ ರೇಷನ್ ತುಂಬಿಕೊಳ್ಳಬೇಕು. ಓಟ್ಸ್, ಶೇಂಗಾ ಬೆಣ್ಣೆ, ಮೆಕ್ಕೆಜೋಳದ ತೆಳು ರೊಟ್ಟಿ, ಬಿಸಿನೀರಿಗೆ ಹಾಕಿದರೆ ಆಲೂಗಡ್ಡೆ ಪಲ್ಯವಾಗುವ ಪುಡಿ, ಇವು ಎಲ್ಲೆಡೆ ಸಿಗುತ್ತವೆ. ನೂಡಲ್ಸ್ ಪೊಟ್ಟಣದ ಮಸಾಲೆಯಲ್ಲಿ ಬಹಳ ಸಲ ಕೋಳಿ ಅಥವಾ ದನದ ಮಾಂಸದ ಅಂಶ ಇರುತ್ತದೆ, ಹಿಂದೆ ಬರೆದದ್ದನ್ನು ಓದದೆ ಕೊಳ್ಳಬೇಡ. ನನ್ನನ್ನು ಕಾಪಾಡಿದ್ದು ಅವ್ವ ಕಟ್ಟಿಕೊಟ್ಟ ಸಜ್ಜೆಯ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ (ಚಟ್ನಿಪುಡಿ). ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆದು, ತೋರಿಸಿ ಒಯ್ದೆ. ಎರಡನೆಯ ವಾರಕ್ಕೆ ರೊಟ್ಟಿಯೆಲ್ಲ ಬ್ಯಾಗಿನಲ್ಲಿ ನುಚ್ಚಾಗಿತ್ತು. ಆ ನುಚ್ಚನ್ನು ಡಬರಿಯಲ್ಲಿ ಹಾಕಿ ಕುದಿನೀರು ಸುರಿದು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು, ಮೇಲೆ ಹಿಂಡಿ ಉದುರಿಸುತ್ತಿದ್ದೆ. ಬೆಳ್ಳುಳ್ಳಿಯ ವಾಸನೆ ತಂಗುಮನೆಯನ್ನೆಲ್ಲ ತುಂಬುತ್ತಿತ್ತು, ಎಲ್ಲರೂ ಒಂದೊಂದು ಚಮಚ ಕೇಳುತ್ತಿದ್ದರು. ಅಲ್ಲಿ ನಡೆಯುವವರಿಗೆ ಜೊತೆಗಾರರೇ ಒಂದು ಹೆಸರು ಇಡುವ ಪದ್ಧತಿ ಇದೆ. ನನಗೆ 'ರೊಟ್ಟಿ' ಎಂದು ಇಟ್ಟರು. ತಂಗುಮನೆಗಳ ದಾಖಲೆ ಪುಸ್ತಕದಲ್ಲಿ ಆ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತ ಹೋದೆ, ಮೇನ್ ತನಕ.

ರಾತ್ರಿ ಉಳಿದ ತಿಂಡಿಯನ್ನು ಚೀಲದಲ್ಲಿ ಹಾಕಿ ಹಗ್ಗ ಕಟ್ಟಿ ಎತ್ತರದ ಕೊಂಬೆಗೆ ತೂಗುಹಾಕಬೇಕು, ಕರಡಿಗಾಗಿ. ನನಗೆ ಕರಡಿ ಕಂಡದ್ದು ಐದು ಸಲ, ಐದು ಸಲವೂ ಅದೇ ಓಡಿತು. ಹೆಚ್ಚು ಹೆದರಬೇಕಾದದ್ದು ಉಣ್ಣೆಹುಳಕ್ಕೆ. ಎಳ್ಳುಕಾಳಿನಷ್ಟಿರುತ್ತದೆ, ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ದಿನವೂ ಸಂಜೆ ಮೈಯೆಲ್ಲ ತಡವಿ ನೋಡಿಕೊಳ್ಳಬೇಕು.

ದಾಸೋಹ ಅಲ್ಲಿಯೂ ಇದೆ, ಇದನ್ನು ಹೇಳಲೇಬೇಕು. ವರ್ಜೀನಿಯಾದಲ್ಲಿ ಮೂರು ದಿನ ಬಿಡದ ಮಳೆಯ ನಂತರ ಒಂದು ರಸ್ತೆ ದಾಟಿದೆ. ಮರದ ಬುಡದಲ್ಲಿ ಮುಚ್ಚಳವಿದ್ದ ಡಬ್ಬಿ, ಅದರೊಳಗೆ ಕಿತ್ತಳೆ ಹಣ್ಣು, ಒಣಗಿದ ಕಾಲುಚೀಲ. "ನಡೆಯುವವರಿಗೆ" ಎಂದು ಚೀಟಿ. ಇಟ್ಟವರ ಹೆಸರಿಲ್ಲ. ರಾಯಚೂರಿನ ಆಚೆ ನಮ್ಮ ಪಾದಯಾತ್ರಿಗಳಿಗೆ ರೊಟ್ಟಿ ಬಡಿಸಿ, ಬಿಸಿನೀರಿನಲ್ಲಿ ಕಾಲು ತೊಳೆಯುವವರೂ ಹೆಸರು ಹೇಳುವುದಿಲ್ಲ. ಆ ಕಿತ್ತಳೆಯನ್ನು ಸಿಪ್ಪೆ ಸಹಿತ ಅರ್ಧ ತಿಂದಿದ್ದೆ, ಆಮೇಲೆ ಎಚ್ಚರವಾಯಿತು.

ಆದರೆ ಡಬ್ಬಿಯ ಸುತ್ತ ಯಾರೂ ಇರಲಿಲ್ಲ. ನಿನ್ನ ತಯಾರಿ ನಡೆಯಬೇಕಾದದ್ದು ಇಲ್ಲಿ. ಶ್ರೀಶೈಲದ ದಾರಿಯಲ್ಲಿ ಕಂಬಿ ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕಾಲು ಸೋತರೆ ಹಿಂದಿನಿಂದ ಹರ ಹರ ಮಹಾದೇವ ಎಂಬ ಕೂಗು ತಳ್ಳುತ್ತದೆ, ಅಪ್ಪನ ಕೈ ಇರುತ್ತದೆ, ಸಂಜೆಗೆ ಭಜನೆ ಇರುತ್ತದೆ. ಅಲ್ಲಿ ವರ್ಜೀನಿಯಾ ಒಂದೇ ರಾಜ್ಯ ಪೂರ್ತಿ ಹಾದಿಯ ಕಾಲು ಭಾಗ. ಆರು ವಾರ ಹಸಿರು ಸುರಂಗದೊಳಗೆ ನಡೆದಂತೆ, ಬೆಟ್ಟ ಹತ್ತಿದರೂ ಮರವೇ, ಇಳಿದರೂ ಮರವೇ. ಹೊರಟವರಲ್ಲಿ ನಾಲ್ವರಲ್ಲಿ ಒಬ್ಬರು ಮಾತ್ರ ಕೊನೆ ಮುಟ್ಟುತ್ತಾರೆ. ನಾನು ಕಂಡಂತೆ ಬಿಟ್ಟುಹೋದವರಲ್ಲಿ ಕಾಲು ಮುರಿದುಕೊಂಡವರಿಗಿಂತ ಬೇಸರಕ್ಕೆ ಸೋತವರೇ ಹೆಚ್ಚು. ನಾನು ಜೂನ್ 2ರಂದು ಒಂದು ಬಂಡೆಯ ಮೇಲೆ ಕುಳಿತು, ಬಿಡುತ್ತೇನೆ ಎಂದು ತೀರ್ಮಾನಿಸಿದ್ದೆ. ಮಳೆಯಲ್ಲಿ ಬಿಡಬಾರದು, ಊರು ಸೇರಿ ಉಂಡು ಮಲಗಿ ಎದ್ದ ಮೇಲೆಯೇ ಬಿಡಬೇಕು ಎಂದು ತಂಗುಮನೆಯಲ್ಲಿ ಒಬ್ಬಳು ಹೇಳಿದ್ದಳು. ಊರು ಸೇರಿದೆ, ಉಂಡೆ, ಹನ್ನೆರಡು ಗಂಟೆ ಮಲಗಿದೆ. ಬೆಳಿಗ್ಗೆ ಮತ್ತೆ ಹಾದಿಗೆ ಬಂದೆ.

ಪೆಸಿಫಿಕ್ ಕ್ರೆಸ್ಟ್ ಇನ್ನೂ ಉದ್ದ, ಸುಮಾರು 4,265 ಕಿ.ಮೀ., ಮೆಕ್ಸಿಕೊ ಗಡಿಯಿಂದ ಕೆನಡಾಕ್ಕೆ. ಮೊದಲು ಮರುಭೂಮಿ, ಆಮೇಲೆ ಸಿಯೆರಾ ಪರ್ವತಗಳ ಹಿಮ. ಅಲ್ಲಿ ದಾಟಬೇಕಾದ ಫಾರೆಸ್ಟರ್ ಪಾಸ್ ಎಂಬ ಕಣಿವೆದಾರಿ 4,009 ಮೀಟರ್ ಎತ್ತರದಲ್ಲಿದೆ. ಹಿಮದ ಅನುಭವವಿಲ್ಲದ ನಮ್ಮ ಕಡೆಯವರಿಗೆ ಅದನ್ನು ಮೊದಲ ಹಾದಿಯಾಗಿ ನಾನು ಹೇಳಲಾರೆ.

ಅಕ್ಕಲಕೋಟದ ಪಾದಚಾರಿ

ಅಣ್ಣಾ, ಓದುತ್ತ ಕಣ್ಣು ತುಂಬಿತು. ಅಪ್ಪನಿಗೂ ಓದಿ ಹೇಳಿದೆ. ಆ ಮುದುಕರ ಕಾಲುವೆಯ ಮಾತು ಬಂದಾಗ "ಮತ್ತೊಮ್ಮೆ ಓದು" ಎಂದರು. ವೀಸಾ ಮತ್ತು ಖರ್ಚಿನ ಬಗ್ಗೆಯೂ ಹೇಳಿ. ಕಾಲಿಗೆ ಬೊಬ್ಬೆ ಎದ್ದರೆ ನಾವು ಸೂಜಿಯಿಂದ ದಾರ ಪೋಣಿಸಿ ಬಿಡುತ್ತೇವೆ, ಅಲ್ಲಿ ಏನು ಮಾಡುತ್ತಾರೆ?

ಉತ್ತರ 3: ಆದೋನಿಯ ಅಕ್ಕ

ಹೆಣ್ಣುಮಗಳು ಒಬ್ಬಳೇ ಹೋಗುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನಗೆ 52 ವರ್ಷ, ಆದೋನಿಯಲ್ಲಿ ಕನ್ನಡ ಶಿಕ್ಷಕಿ. 2023ರಲ್ಲಿ ಸ್ಪೇನಿನ ಕಮಿನೊ ಎಂಬ ಯಾತ್ರೆಯ ಹಾದಿ ನಡೆದೆ. ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದೆ ಪೋರ್‌ನಿಂದ ಸಾಂಟಿಯಾಗೊಗೆ ಸುಮಾರು 780 ಕಿ.ಮೀ., 36 ದಿನ ಹಿಡಿಯಿತು. ಟೆಂಟು ಬೇಕಿಲ್ಲ, ಊರೂರಿಗೆ ಯಾತ್ರಿಕರ ಛತ್ರಗಳಿವೆ. ಹಳದಿ ಬಾಣದ ಗುರುತು ಹಿಡಿದು ನಡೆದರೆ ಸಾಕು. ಛತ್ರದಲ್ಲಿ ಗಂಡಸರೂ ಹೆಂಗಸರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಮೊದಲ ರಾತ್ರಿ ನಾನು ಸೀರೆಯನ್ನು ಮಂಚಕ್ಕೆ ಪರದೆಯಾಗಿ ಕಟ್ಟಿದೆ, ಮೂರನೆಯ ರಾತ್ರಿ ಕಟ್ಟುವ ಅಗತ್ಯ ಕಾಣಲಿಲ್ಲ. ಒಬ್ಬಳೇ ನಡೆಯುವ ಹೆಂಗಸರು ದಿನವೂ ಹತ್ತಾರು ಮಂದಿ ಸಿಕ್ಕರು. ಒಮ್ಮೆಯೂ ಯಾರೂ "ಮನೆಯವರು ಎಲ್ಲಿ" ಎಂದು ಕೇಳಲಿಲ್ಲ ಮಗಳೇ, ಆ ನೆಮ್ಮದಿಯನ್ನು ಹೇಗೆ ಹೇಳಲಿ. ರಜೆ, ವೀಸಾ, ಹಣ ಮೂರೂ ಇದಕ್ಕೆ ಸುಲಭ. ಮೊದಲು ಇದನ್ನು ಮಾಡು.

ಸೊಲ್ಲಾಪುರದ ರೊಟ್ಟಿ

ಅಕ್ಕ ಹೇಳಿದ್ದು ಸರಿ. ನಾನು ಅದನ್ನು ಮೊದಲು ಮಾಡಿದ್ದರೆ 19 ಕಿಲೋ ಹೊರುತ್ತಿರಲಿಲ್ಲ.

ವೀಸಾ: ಪ್ರವಾಸಿ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ ಆರು ತಿಂಗಳ ತನಕ ಇರಲು ಬಿಡುತ್ತಾರೆ, ಎಷ್ಟು ದಿನ ಎಂಬುದನ್ನು ಇಳಿದ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ. ಹಾದಿಗೆ ಐದರಿಂದ ಏಳು ತಿಂಗಳು ಬೇಕು. ಹಾಗಾಗಿ ನಿನ್ನ ಲೆಕ್ಕ ಬಿಗಿ, ದಿನಕ್ಕೆ ಸರಾಸರಿ 20 ಕಿ.ಮೀ. ಬೀಳಲೇಬೇಕು. ಖರ್ಚು ನನಗೆ ತಿಂಗಳಿಗೆ ಸಾವಿರ ಡಾಲರಿಗಿಂತ ಕಡಿಮೆ ಬರಲಿಲ್ಲ, ವಿಮಾನ ಮತ್ತು ಸಾಮಾನು ಬೇರೆ. ಬೂಟು ನಾಲ್ಕು ಜೊತೆ ಸವೆದವು.

ಬೊಬ್ಬೆ: ಏಳಲು ಬಿಡಬಾರದು. ಅಂಗಾಲಿನಲ್ಲಿ ಬಿಸಿ ಅನಿಸಿದ ಕ್ಷಣವೇ ನಿಂತು, ಕಾಲುಚೀಲ ಬಿಚ್ಚಿ, ಒರೆಸಿ, ಅಂಟುಪಟ್ಟಿ ಹಚ್ಚಬೇಕು. ನಮ್ಮ ಕಂಬಿಯ ಜೊತೆ ಹೀಗೆ ನಿಲ್ಲಲು ನಾಚುತ್ತೇವೆ, ಎಲ್ಲರೂ ಮುಂದೆ ಹೋಗುತ್ತಾರೆಂದು. ಅಲ್ಲಿ ನಿಲ್ಲಲು ಕಲಿಯಬೇಕು.

ಅವ್ವನ ಪ್ರಶ್ನೆಗೆ ಬಂದೆ. ಕಟಾಡಿನ್ ಎಂದರೆ ಪೆನಾಬ್‌ಸ್ಕಾಟ್ ಜನರ ಮಾತಿನಲ್ಲಿ 'ಎಲ್ಲಕ್ಕಿಂತ ದೊಡ್ಡ ಬೆಟ್ಟ'. ಅಲ್ಲಿಯ ಮೂಲನಿವಾಸಿಗಳಾದ ಅವರಿಗೆ ಅದು ಪವಿತ್ರ. ತುದಿಯಲ್ಲಿ ಗುಡಿಯಿಲ್ಲ, ಗಾಳಿಮಳೆಗೆ ಸವೆದ ಒಂದು ಮರದ ಫಲಕವಿದೆ. ಕಬ್ಬಿಣದ ಸರಳು ಹಿಡಿದು ಬಂಡೆ ಏರಿ ನಾನು ಅದನ್ನು ಮುಟ್ಟಿದಾಗ ಬೆಳಗಿನ ಹತ್ತೂವರೆ. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಫಲಕಕ್ಕೆ ಹಣೆ ಹಚ್ಚಿ ನಿಂತಳು. ನನ್ನ ಸರದಿ ಬಂದಾಗ ನಾನೂ ಹಣೆ ಹಚ್ಚಿದೆ. ಮರ ತಣ್ಣಗಿತ್ತು. ಇಷ್ಟನ್ನು ಅವ್ವನಿಗೆ ಹೇಳು.

ಯುಗಾದಿಗೆ ಬರುತ್ತೀಯಲ್ಲ? ಈ ಸಲ ನಿನ್ನ ಸಾಮಾನನ್ನು ಟ್ರ್ಯಾಕ್ಟರಿಗೆ ಹಾಕಬೇಡ, 10 ಕಿಲೋ ಬೆನ್ನಿಗೇರಿಸಿ ಎರಡು ದಿನ ಕಂಬಿಗಿಂತ ಒಂದು ತಾಸು ಹಿಂದೆ ಒಬ್ಬಳೇ ನಡೆ, ಅಪ್ಪನಿಗೆ ತಿಳಿಸಿಯೇ. ಆತ್ಮಕೂರಿನ ಈಚೆ ರಸ್ತೆಬದಿಯ ದಾಸೋಹದಲ್ಲಿ ನಾನು ಪ್ರತಿ ವರ್ಷ ಪಾದಯಾತ್ರಿಗಳ ಕಾಲಿಗೆ ಔಷಧ ಹಚ್ಚಲು ಕುಳಿತಿರುತ್ತೇನೆ. ಅಂಟುಪಟ್ಟಿ ಹಚ್ಚುವುದನ್ನು ಅಲ್ಲಿ ತೋರಿಸಿಕೊಡುತ್ತೇನೆ.