ಲ್ಯಾಬಿಗೆ ಟರ್ಬೋ ಸಿ ಬಿಟ್ಟು ಯಾವ ಕಂಪೈಲರ್ ಹಾಕೋಣ?

ಗದಗ_ಲ್ಯಾಬ್:
ನಮ್ಮ ಕಾಲೇಜ್ ಲ್ಯಾಬಿನಲ್ಲಿ 24 ಕಂಪ್ಯೂಟರ್ ಇವೆ, ಎಲ್ಲಾ 2 ಜಿಬಿ ರ‍್ಯಾಮಿನ ಹಳೇ ಡಬ್ಬಗಳು. ಡಾಸ್‌ಬಾಕ್ಸ್ (ಹಳೇ ಡಾಸ್ ಪ್ರೋಗ್ರಾಮ್ ಓಡಿಸುವ ಸಾಫ್ಟ್‌ವೇರ್) ಒಳಗೆ ಟರ್ಬೋ ಸಿ ಓಡಿಸುತ್ತಿದ್ದೇವೆ, ಸಿ ಭಾಷೆಯ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಿಕೊಡುವ ಹಳೇ ಕಂಪೈಲರ್ ಅದು. ಮೊನ್ನೆ ಒಬ್ಬ ವಿದ್ಯಾರ್ಥಿನಿ 8ರ ಫ್ಯಾಕ್ಟೋರಿಯಲ್ -25216 ಅಂತ ರೆಕಾರ್ಡಿನಲ್ಲಿ ಕೆಂಪು ಗೆರೆ ಎಳೆದು ನೀಟಾಗಿ ಬರೆದು ತಂದಳು. ಕೇಳಿದರೆ "ಸ್ಕ್ರೀನ್ ಮ್ಯಾಗ ಬಂದಿದ್ದನ್ನ ಬರದೀನ್ರಿ ಸರ್" ಅಂದಳು. ಸಹಿ ಹಾಕೋದಾ ಬೈಯೋದಾ ತಿಳಿಯಲಿಲ್ಲ. ರಜೆಯಲ್ಲಿ ಕಂಪೈಲರ್ ಬದಲಿಸಬೇಕು, ಯಾವುದನ್ನು ನಂಬಬಹುದು? ನೆಟ್ ದಿನಕ್ಕೆ ಎರಡು ತಾಸು ಬಂದರೆ ದೊಡ್ಡದು, ಆನ್‌ಲೈನ್ ಬೇಡ.

ಹುಬ್ಬಳ್ಳಿ_ಕೋಡರ್:
ಅವಳದ್ದೇನೂ ತಪ್ಪಿಲ್ಲ ಸರ್. ಟರ್ಬೋದಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) ಅಂದರೆ 2 ಬೈಟ್, 32767 ದಾಟಿದ ಕೂಡಲೇ ಮೈನಸ್ ಕಡೆಯಿಂದ ಸುತ್ತಿ ಬರುತ್ತದೆ. 8ರ ಫ್ಯಾಕ್ಟೋರಿಯಲ್ ನಿಜಕ್ಕೂ 40320, ಅದರಲ್ಲಿ 65536 (2 ಬೈಟಿನಲ್ಲಿ ಹಿಡಿಸುವ ಒಟ್ಟು ಸಂಖ್ಯೆಗಳು) ಕಳೆಯಿರಿ, ಅವಳ ಉತ್ತರವೇ ಸಿಗುತ್ತದೆ. ಜಿಸಿಸಿ (ಉಚಿತವಾಗಿ ಸಿಗುವ ಸಿ ಕಂಪೈಲರ್) ಹಾಕಿ. ಅದರಲ್ಲಿ ಇಂಟ್ 4 ಬೈಟ್, 12ರ ತನಕ ಸರಿ ಬರುತ್ತದೆ (13ಕ್ಕೆ ಅದೂ ಕೈಕೊಡುತ್ತದೆ, ಅದನ್ನೇ ಪಾಠ ಮಾಡಿ). ಕಮಾಂಡಿನಲ್ಲಿ ಹೈಫನ್ ಹಾಕಿ ಡಬ್ಲ್ಯೂ-ಆಲ್ (-Wall, ವಾರ್ನಿಂಗ್ ತೋರಿಸಲು) ಆಪ್ಷನ್ ಕೊಡೋದು ಮಾತ್ರ ಮರೆಯಬೇಡಿ, ಡಬ್ಲ್ಯೂ ಕ್ಯಾಪಿಟಲ್. ಇನ್‌ಪುಟ್ ಓದುವ ಸ್ಕ್ಯಾನ್ಎಫ್‌ನಲ್ಲಿ ಆ್ಯಂಪರ್ಸಂಡ್ (&) ಬಿಟ್ಟರೆ ಲೈನ್ ನಂಬರ್ ಸಮೇತ ಹೇಳುತ್ತದೆ, ನಮ್ಮ ಹುಡುಗರ ಅರ್ಧ ತಪ್ಪು ಅದೇ ಅಲ್ವಾ?

ಹಾವೇರಿ_ಮಾಸ್ತರ್:
ಜಿಸಿಸಿ ಒಳ್ಳೇದೇ, ಆದರೆ ಮೊದಲ ವಾರ ತಲೆ ಕೆಡುತ್ತದೆ, ಮೊದಲೇ ಹೇಳಿಬಿಡ್ತೀನಿ. ಮ್ಯಾನುಯಲ್ಲಿನ ಒಂದೊಂದು ಪ್ರೋಗ್ರಾಮಿನಲ್ಲೂ ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಇರುತ್ತವೆ, ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ಅವುಗಳಿಗೆ ಬೇಕಾದ ಕೋನಿಯೋ ಹೆಡರ್ ಫೈಲೇ (conio.h) ಅದರಲ್ಲಿ ಇಲ್ಲ. ಇಂಟ್ ಮೇನ್ ಬದಲು ಬರೆಯೋ ವಾಯ್ಡ್ ಮೇನ್‌ಗೆ ಸಿಯಲ್ಲಿ ಬರೀ ವಾರ್ನಿಂಗ್, ಸಿ ಪ್ಲಸ್ ಪ್ಲಸ್‌ನಲ್ಲಿ ನೇರ ಎರರ್. ವರ್ಗಮೂಲದ ಪ್ರೋಗ್ರಾಮ್ ಬಂದಾಗ ಕಮಾಂಡಿನ ಕೊನೆಗೆ ಹೈಫನ್-ಎಲ್‌ಎಂ (-lm, ಗಣಿತದ ಲೈಬ್ರರಿ) ಸೇರಿಸದಿದ್ದರೆ ಲಿಂಕ್ ಆಗೋದಿಲ್ಲ, ಇದೊಂದಕ್ಕೆ ನಾನು ಒಂದು ಇಡೀ ಪೀರಿಯಡ್ ಕಳೆದಿದ್ದೇನೆ.

ಇನ್ನೊಂದು, ಎಲ್ಲಾ ಮಷಿನಿಗೂ ಒಂದೇ ವರ್ಷನ್ ಇರಲಿ. 2024ರ ಜಿಸಿಸಿ 14 ಬಂದ ಮೇಲೆ ಹೆಡರ್ ಫೈಲ್ ಬಿಟ್ಟು ಫಂಕ್ಷನ್ ಕರೆದರೆ ಎರರ್, ಹಿಂದಿನದರಲ್ಲಿ ವಾರ್ನಿಂಗ್ ಕೊಟ್ಟು ಸುಮ್ನೆ ಬಿಡುತ್ತಿತ್ತು. "ಮನೇಲಿ ಓಡ್ತದ್ರಿ ಸರ್" ಜಗಳ ಶುರುವಾಗೋದೇ ಇಲ್ಲಿಂದ. ಒಂದು ಮಷಿನ್ ಪೂರ್ತಿ ಸಿದ್ಧ ಮಾಡಿ, ಕ್ಲೋನ್‌ಜಿಲ್ಲಾದಿಂದ (ಇಡೀ ಡಿಸ್ಕ್ ನಕಲು ಮಾಡುವ ಸಾಫ್ಟ್‌ವೇರ್) ಉಳಿದವಕ್ಕೆ ಇಳಿಸಿ. ನೆಟ್ ಬೇಕಾಗೋದಿಲ್ಲ.

ಹುಬ್ಬಳ್ಳಿ_ಕೋಡರ್:
ವಿಂಡೋಸ್ ಮೇಲೇ ಹಾಕೋದಾದರೆ ಆ್ಯಂಟಿವೈರಸ್ ನೋಡಿಕೊಳ್ಳಿ. ಹುಡುಗರು ಆಗಷ್ಟೇ ಮಾಡಿದ ಇಎಕ್ಸ್ಇ ಫೈಲನ್ನು ಒಮ್ಮೊಮ್ಮೆ ವೈರಸ್ ಅಂದುಕೊಂಡು ಎತ್ತಿಬಿಡುತ್ತದೆ.

ಗದಗ_ಲ್ಯಾಬ್:
ಥ್ಯಾಂಕ್ಸ್ ಇಬ್ಬರಿಗೂ. ಲಿನಕ್ಸೇ ಹಾಕ್ತೀನಿ, ಸದ್ಯ 4 ಮಷಿನಿಗೆ. ಮುಂದೆ ಎಲ್ಲಾ ಬದಲಿಸಿದರೂ ಗ್ರಾಫಿಕ್ಸ್ ಪ್ರೋಗ್ರಾಮಿಗೆ ಟರ್ಬೋ ಒಂದರಲ್ಲಿ ಇರಲಿ. ರೆಕಾರ್ಡಿಗೆ ಸಹಿ ಹಾಕಿದೆ, ಪಕ್ಕದಲ್ಲಿ ಆ 65536ರ ಲೆಕ್ಕ ಅವಳ ಕೈಯಲ್ಲೇ ಬರೆಸಿ.