ಹಳೆಯ ಫೋಟೊದಲ್ಲಿರುವ ಬೀದಿ ಗುರುತೇ ಸಿಗುತ್ತಿಲ್ಲ, ಯಾವ ಕಟ್ಟಡ ಎಲ್ಲಿತ್ತು ಅಂತ ಪತ್ತೆ ಮಾಡೋದು ಹೇಗೆ?

ಪ್ರಶ್ನೆ:
ಸಣ್ಣ ಊರೊಂದರ ಮುಖ್ಯ ಬೀದಿಯ ಕೆಲವು ಕಪ್ಪು-ಬಿಳುಪು ಫೋಟೊಗಳು ನನ್ನ ಹತ್ತಿರ ಇವೆ. ಹಿಂದುಗಡೆ ಇಸವಿಯೂ ಇಲ್ಲ, ಜಾಗದ ಹೆಸರೂ ಇಲ್ಲ. ಅವನ್ನು ತೆಗೆದ ಜಾಗದಲ್ಲೇ ನಿಂತು ಮತ್ತೆ ಫೋಟೊ ತೆಗೆಯಬೇಕು ಅಂತ ತುಂಬಾ ಆಸೆ. ಆದರೆ ರಸ್ತೆ ಅಗಲ ಮಾಡಿದ್ದಾರೆ, ಅರ್ಧ ಕಟ್ಟಡಗಳು ಹೋಗಿವೆ, ಉಳಿದವನ್ನು ಬೋರ್ಡುಗಳು ಮುಚ್ಚಿವೆ. ಎಲ್ಲಿಂದ ಶುರು ಮಾಡಲಿ? ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಏನಾದರೂ ಸಿಗಬಹುದಾ?

ಉತ್ತರ 1:
ಸ್ಟ್ರೀಟ್ ವ್ಯೂ ಶುರುವಾಗಿದ್ದೇ 2007ರಲ್ಲಿ, ಅದರಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡುವ ಸೌಲಭ್ಯ ಬಂದಿದ್ದು 2014ರಲ್ಲಿ. ಈಚಿನ ಬದಲಾವಣೆಗೆ ಪರವಾಗಿಲ್ಲ, ನಿಮ್ಮ ಫೋಟೊಗಳ ಕಾಲಕ್ಕೆ ಉಪಯೋಗವಿಲ್ಲ.

ಮೊದಲು ತಲೆ ಎತ್ತಿ ನೋಡಿ. ಬೇಗ ಬದಲಾಗೋದು ನೆಲಮಹಡಿ: ಬಾಗಿಲು, ಶಟರ್, ಬೋರ್ಡು. ಮೇಲಿನ ಕಿಟಕಿಗಳ ಸಾಲು, ಕಮಾನು, ಚಾವಣಿಯ ಇಳಿಜಾರು, ಪಕ್ಕದ ಗೋಡೆ ಇವನ್ನೆಲ್ಲ ಖರ್ಚು ಮಾಡಿ ಬದಲಾಯಿಸುವವರು ಕಡಿಮೆ. ಮುಂದಿನಿಂದ ಹೊಸದಾಗಿ ಕಾಣುವ ಕಟ್ಟಡ ಹಿಂದಿನ ಗಲ್ಲಿಯಿಂದ ನೋಡಿದರೆ ಹಳೆಯದೇ ಆಗಿರಬಹುದು.

ನಿಲ್ಲುವ ಜಾಗ ಹುಡುಕೋದು ಹೀಗೆ. ಫೋಟೊದಲ್ಲಿ ಹತ್ತಿರದ ಒಂದು ಮೂಲೆ ಮತ್ತು ಅದರ ಹಿಂದೆ ದೂರದಲ್ಲಿ ಕಾಣುವ ಒಂದು ವಸ್ತು ಆರಿಸಿಕೊಳ್ಳಿ, ಎರಡೂ ಈಗಲೂ ಇರಬೇಕು, ಆಮೇಲೆ ಫೋಟೊದಲ್ಲಿ ಇರುವ ಹಾಗೇ ಅವು ಒಂದರ ಹಿಂದೆ ಒಂದು ಬರುವ ತನಕ ಎಡಕ್ಕೆ ಬಲಕ್ಕೆ ಸರಿಯಿರಿ. ಅಲ್ಲಿಗೆ ಒಂದು ಗೆರೆ ಸಿಕ್ಕಿತು. ಇನ್ನೊಂದು ಜೋಡಿಯಿಂದ ಇನ್ನೊಂದು ಗೆರೆ. ಎರಡೂ ಸೇರುವ ಕಡೆಯೇ ಕ್ಯಾಮೆರಾ ಇತ್ತು. ಜೂಮ್ ಮಾಡಿ ಹೊಂದಿಸಲು ಹೋಗಬೇಡಿ. ಜಾಗ ತಪ್ಪಿದ್ದರೆ ಜೂಮ್ ಅದನ್ನು ಸರಿ ಮಾಡಲ್ಲ. ಸ್ವಲ್ಪ ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ.

ಉತ್ತರ 2:
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಎತ್ತರ ನೋಡಿಕೊಳ್ಳಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆ ಬಂದಿರುತ್ತದೆ. ಹಳೆಯ ಫೋಟೊದಲ್ಲಿ ಮೂರು ಮೆಟ್ಟಿಲು ಕಂಡು ಈಗ ಒಂದೇ ಇದ್ದರೆ ಅದು ಬೇರೆ ಕಟ್ಟಡ ಅಂತ ಬಿಟ್ಟುಬಿಡಬೇಡಿ, ಉಳಿದ ಎರಡು ಮಣ್ಣಿನಡಿ ಇರಬಹುದು.

ಹಾಗೇ, ಏನು ಮಾಡಿದರೂ ಹೊಂದುತ್ತಿಲ್ಲ ಅಂದರೆ ಫೋಟೊದಲ್ಲಿರುವ ಬೋರ್ಡಿನ ಅಕ್ಷರ ನೋಡಿ. ನೆಗೆಟಿವ್ ತಿರುಗಿಸಿ ಇಟ್ಟು ಪ್ರಿಂಟ್ ಹಾಕಿದ್ದರೆ ಇಡೀ ಬೀದಿ ಎಡಬಲ ಅದಲುಬದಲಾಗಿರುತ್ತದೆ. ಇಸವಿಗೆ ವಾಹನ, ವಿದ್ಯುತ್ ಕಂಬ ನೋಡಬಹುದು, ಆದರೆ ಅವು ಹೇಳೋದು 'ಇದಕ್ಕಿಂತ ಮುಂಚಿನದಲ್ಲ' ಅಂತ ಅಷ್ಟೇ. ಹಳೇ ಕಾರು ಎಷ್ಟೋ ವರ್ಷ ಓಡುತ್ತದೆ ಅಲ್ವಾ.

ಉತ್ತರ 3:
ಆ ಬೀದಿಯಲ್ಲಿ ಬಾಳಿದ ಹಿರಿಯರಿಗೆ ಫೋಟೊ ತೋರಿಸಿ, ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ. ಇಸವಿ ಕೇಳಬೇಡಿ, ಅದು ಯಾರಿಗೂ ನೆನಪಿರಲ್ಲ. 'ನೀವು ಶಾಲೆಗೆ ಹೋಗುವಾಗ ಇದು ಇತ್ತಾ?' ಅಂತ ಕೇಳಿ. ಒಬ್ಬೊಬ್ಬರನ್ನೇ ಕೇಳಿ, ಯಾಕೆಂದರೆ ಒಟ್ಟಿಗೆ ಕೂರಿಸಿದರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪೂ ಆಗಿಬಿಡುತ್ತದೆ.

ಇನ್ನೊಂದು ಮಾತು. ಈಗ ಫೋಟೊ ತೆಗೆಯುವಾಗ ಚೆಂದದ ಕಟ್ಟಡ ಮಾತ್ರ ತೆಗೆಯಬೇಡಿ. ಗಡಿಯಾರದ ಗೋಪುರವನ್ನು ಎಲ್ಲರೂ ತೆಗೆದಿರುತ್ತಾರೆ, ಅದರ ಪಕ್ಕದ ಸಾದಾ ಕಾಂಕ್ರೀಟ್ ಕಟ್ಟಡವನ್ನು ಯಾರೂ ತೆಗೆದಿರಲ್ಲ, ಕೆಡವಿದ ಮೇಲೆ ಅದರ ಒಂದು ಗುರುತೂ ಸಿಗಲ್ಲ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದನ್ನೂ ಬಿಡದೆ ತೆಗೆಯಿರಿ, ತಾರೀಖು ಮತ್ತು ಯಾವ ದಿಕ್ಕಿಗೆ ನಿಂತು ತೆಗೆದಿರಿ ಅನ್ನೋದನ್ನು ಜೊತೆಗೇ ಬರೆದಿಡಿ.

ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆಗಳಿವೆ. ಅವಕ್ಕೆ ಸೇರಿಸುವ ಮನಸ್ಸಿದ್ದರೆ, ಓಪನ್‌ಸ್ಟ್ರೀಟ್‌ಮ್ಯಾಪ್ ಇರೋದು ಈಗ ನೆಲದ ಮೇಲೆ ಇರುವುದಕ್ಕೆ. ಕೆಡವಿದ ಕಟ್ಟಡಗಳನ್ನು ಅಲ್ಲಿ ಹಾಕಬೇಡಿ, ಓಪನ್‌ಹಿಸ್ಟಾರಿಕಲ್‌ಮ್ಯಾಪ್‌ನಲ್ಲಿ ಹಾಕಿ. ಅಲ್ಲಿ ಕಟ್ಟಿದ ಕಾಲ, ಕೆಡವಿದ ಕಾಲ ಎರಡನ್ನೂ ದಾಖಲಿಸಬಹುದು.