ಪೇಸ್‌ಮೇಕರ್ ಇರುವವರಿಗೆ ಟಿಎಂಟಿ ಬಿಟ್ಟು ಸ್ಟ್ರೆಸ್ ಥಾಲಿಯಂ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪನಿಗೆ 68 ವರ್ಷ, ಪೇಸ್‌ಮೇಕರ್ ಹಾಕಿಸಿ 6 ವರ್ಷ ಆಯ್ತು. ಈಚೆಗೆ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತೆ ಅಂತಾರೆ. ಡಾಕ್ಟ್ರು ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಪರೀಕ್ಷೆ) ಬೇಡ, ಇಂಜೆಕ್ಷನ್ ಕೊಟ್ಟು ಸ್ಟ್ರೆಸ್ ಥಾಲಿಯಂ (ಹೃದಯಕ್ಕೆ ರಕ್ತ ಸರಿಯಾಗಿ ಹೋಗ್ತಿದೆಯಾ ಅಂತ ನೋಡೋ ಸ್ಕ್ಯಾನ್) ಮಾಡೋಣ ಅಂದ್ರು. ಸ್ಕ್ಯಾನ್‌ನಿಂದ ಪೇಸ್‌ಮೇಕರ್ ಕೆಡಲ್ವಾ? ಅಪ್ಪ ಚೆನ್ನಾಗೇ ನಡೀತಾರೆ, ಇಂಜೆಕ್ಷನ್ ಯಾಕೆ?

ಉತ್ತರ (ಹೃದ್ರೋಗ ತಜ್ಞೆ): ಕೆಡೋದಿಲ್ಲ. ಎಂಆರ್‌ಐನಲ್ಲಿರುವಂಥ ಅಯಸ್ಕಾಂತ ಇಲ್ಲಿಲ್ಲ; ರಕ್ತಕ್ಕೆ ಸ್ವಲ್ಪ ವಿಕಿರಣ ವಸ್ತು ಕೊಟ್ಟು, ಅದರಿಂದ ಹೊರಬರುವ ಕಿರಣಗಳನ್ನು ಕ್ಯಾಮೆರಾ ಹಿಡಿಯುತ್ತೆ, ಅಷ್ಟೇ. ಥಾಲಿಯಂ ಅನ್ನೋ ಹೆಸರು ಉಳಿದುಕೊಂಡಿದೆ, ಈಗ ಹೆಚ್ಚಾಗಿ ಕೊಡೋದು ಟೆಕ್ನೀಷಿಯಂ.

ಟಿಎಂಟಿಯಲ್ಲಿ ನಾವು ನೋಡೋದು ಇಸಿಜಿ ಗೆರೆಯ ಏರಿಳಿತ. ಪೇಸ್‌ಮೇಕರ್ ತಂತಿಯ ತುದಿ ಸಾಮಾನ್ಯವಾಗಿ ಹೃದಯದ ಬಲ ಕೆಳಕೋಣೆಯಲ್ಲಿರುತ್ತೆ. ಬಡಿತ ಅಲ್ಲಿಂದ ಶುರುವಾದಾಗ ಎಡಕ್ಕೆ ತಡವಾಗಿ ಮುಟ್ಟುತ್ತೆ, ಗೆರೆ ಅಗಲವಾಗಿ ತಿರುಚಿಕೊಂಡು ಬರುತ್ತೆ. ಅದರಲ್ಲಿ ರಕ್ತ ಸಾಲದ ಗುರುತು ಹುಡುಕೋಕೆ ಆಗಲ್ಲ.

ನಡೆಸಿ ಸ್ಕ್ಯಾನ್ ಮಾಡಿದರೂ ತೊಂದರೆಯಿದೆ. ಬಡಿತ ಏರಿದಾಗ ನಡುಗೋಡೆಗೆ, ಅಂದ್ರೆ ಸೆಪ್ಟಮ್‌ಗೆ, ರಕ್ತ ಕಡಿಮೆ ಹೋದ ಹಾಗೆ ಕಾಣುತ್ತೆ, ನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ. ಅಡೆನೊಸಿನ್, ರೆಗಡೆನೊಸಾನ್ ಇಂಜೆಕ್ಷನ್‌ಗಳು ನಾಳಗಳನ್ನು ಹಿಗ್ಗಿಸುತ್ತವೆ, ಬಡಿತವನ್ನು ವ್ಯಾಯಾಮದಷ್ಟು ಏರಿಸಲ್ಲ. ಹಾಗಾಗಿ ನಿಮ್ಮ ಡಾಕ್ಟ್ರು ಹೇಳಿದ್ದು ಸರಿಯಾಗಿದೆ. ಆಸ್ತಮಾ ಇದ್ದರೆ ಮೊದಲೇ ಹೇಳಿ. ಹಿಂದಿನ ದಿನದಿಂದಲೇ ಕಾಫಿ, ಟೀ, ಚಾಕೊಲೇಟ್ ಬಿಡಿಸಿ. ಒಂದು ಲೋಟ ಕಾಫಿ ಕುಡಿದರೂ ಔಷಧಿ ಸರಿಯಾಗಿ ಕೆಲಸ ಮಾಡದೆ, ಇರೋ ಬ್ಲಾಕ್ ಕಣ್ಣಿಗೆ ಬೀಳದೆ ಹೋಗಬಹುದು.

ಪ್ರಶ್ನೆ: ರಿಪೋರ್ಟ್ ಬಂತು ಮೇಡಂ. ಸೆಪ್ಟಮ್‌ನಲ್ಲಿ ಸಣ್ಣ ಕೊರತೆ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳೋ ರಕ್ತದ ಶೇಕಡಾ ಪ್ರಮಾಣ) 42 ಅಂತಿದೆ. ಬ್ಲಾಕಾ?

ಉತ್ತರ: ಸೆಪ್ಟಮ್ ಒಂದರಲ್ಲೇ ಇದ್ದರೆ ಪೇಸಿಂಗ್‌ನಿಂದಲೂ, ಅಂದ್ರೆ ಪೇಸ್‌ಮೇಕರ್ ಹೃದಯವನ್ನು ಬಡಿಸೋದರಿಂದಲೂ, ಹಾಗೆ ಕಾಣಬಹುದು. ಮುಂದಿನ ಗೋಡೆಗೂ ಹರಡಿದ್ದರೆ ಬ್ಲಾಕ್ ಅನುಮಾನ ಗಟ್ಟಿಯಾಗುತ್ತೆ, ಚಿತ್ರಗಳನ್ನೇ ನೋಡಬೇಕು.

ನನಗೆ ಹೆಚ್ಚು ಯೋಚನೆಯಾಗಿದ್ದು ಆ 42. ಮುಂದಿನ ಅಪಾಯ ಅಳೆಯುವಾಗ ಇಎಫ್‌ಗೆ ತುಂಬಾ ತೂಕವಿದೆ. ಪೇಸ್‌ಮೇಕರ್ ಹಾಕುವ ಮುಂಚೆ ಅದು 55-60 ಇದ್ದಿದ್ದರೆ, ವರ್ಷಗಟ್ಟಲೆ ಬಲಗಡೆಯಿಂದ ಬಡಿಸಿದ್ದರಿಂದಲೇ ಹೃದಯ ಸೊರಗಿರಬಹುದು. ಒಟ್ಟು ಬಡಿತಗಳಲ್ಲಿ ಕೆಳಕೋಣೆಯ ಪೇಸಿಂಗ್ ಶೇ. 20 ದಾಟಿದವರಲ್ಲಿ ಈ ಅನುಮಾನ ಇಟ್ಟುಕೊಳ್ಳಲೇಬೇಕು. ಹಾಗಿದ್ದರೆ ಎರಡೂ ಕಡೆಯಿಂದ ಬಡಿಸುವ ಸಿಆರ್‌ಟಿಗೆ ಬದಲಾಯಿಸುವ ದಾರಿ ಇದೆ. ಹಳೆಯ ಎಕೋ ರಿಪೋರ್ಟ್, ಪೇಸ್‌ಮೇಕರ್ ಚೆಕಪ್ ಪ್ರಿಂಟ್ ಎರಡನ್ನೂ ತಗೊಂಡು ಈ ವಾರವೇ ಡಾಕ್ಟ್ರನ್ನು ನೋಡಿ. ಅಷ್ಟರಲ್ಲಿ ಸುಮ್ಮನೆ ಕೂತಿದ್ದಾಗಲೂ ಎದೆ ಬಿಗಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.